ಮೇರಿ ವೇಡ್ ಮತ್ತು ನಮ್ಮಜ್ಜಿಯ ಹಳೇ ಹೆಸರು

ನಾಲ್ಕನೇ ಸೆಮ್‌ನ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಅಂದ್ರೆ ಏನಿರುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್, ಇಲ್ಲಾಂದ್ರೆ ಹಾಸ್ಟೆಲ್ ಮೆಸ್ ಮ್ಯಾನೇಜ್‌ಮೆಂಟ್. ಸೀನಿಯರ್ಸ್ ಕೊಟ್ಟ ಪೆನ್‌ಡ್ರೈವ್‌ನಲ್ಲಿ ಮೂರೂ ರೆಡಿ ಇತ್ತು. ನನಗೆ ಅದ್ಯಾಕೋ ಬೇರೆ ಏನಾದ್ರೂ ಮಾಡೋಣ ಅನ್ನಿಸಿ, "ವಂಶವೃಕ್ಷದ ಡೇಟಾಬೇಸ್" ಅಂತ ಟೈಟಲ್ ಕೊಟ್ಟುಬಿಟ್ಟೆ. ನನ್ನ ಟೀಮ್‌ಮೇಟ್ ಇವತ್ತಿಗೂ ಅದಕ್ಕೆ ಬೈತಾಳೆ.

ಡೇಟಾಕ್ಕೆ ಎಲ್ಲಿಗೆ ಹೋಗೋದು, ನಮ್ಮನೆಯದ್ದೇ ಇದೆಯಲ್ಲ ಅಂತ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ, ತಾತ, ತಾತನ ಅಪ್ಪ, ಪಟಪಟ ಅಂತ ಹೆಸರು ಬಂತು. "ತಾತನ ಅಮ್ಮನ ಹೆಸರು?" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಅವ್ವ ಅಂತಿದ್ರಮ್ಮ. ನಾನು ಹುಟ್ಟೋ ಹೊತ್ತಿಗೆ ಅವರು ಇರಲಿಲ್ಲ" ಅಂದ್ರು. ದೊಡ್ಡಪ್ಪನಿಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಅಜ್ಜಿಗೆ ಕಿವಿ ಮಂದ, ಫೋನ್‌ನಲ್ಲಿ ಕೇಳಿಸಲ್ಲ. ನಾಲ್ಕನೇ ತಲೆಮಾರಿಗೇ ನನ್ನ ಟೇಬಲ್‌ನಲ್ಲಿ ನಲ್ ಬಂದು ಕೂತಿತು.

ಸಬ್‌ಮಿಷನ್‌ಗೆ ಮೂರು ವಾರ ಇತ್ತು. ದಾಖಲೆ ಎಲ್ಲ ಓಪನ್ ಆಗಿರೋ ಯಾವುದಾದರೂ ಕುಟುಂಬ ಹುಡುಕೋಣ ಅಂತ ಕೂತಾಗ ಸಿಕ್ಕಿದವಳು ಮೇರಿ ವೇಡ್. ಲಂಡನ್ನಿನಿಂದ ಆಸ್ಟ್ರೇಲಿಯಾಕ್ಕೆ ಹೋದವಳು. ಹೋದವಳು ಅನ್ನೋದಕ್ಕಿಂತ ಕಳಿಸಲ್ಪಟ್ಟವಳು ಅನ್ನಬೇಕು. ಆಸ್ಟ್ರೇಲಿಯಾದ ಪ್ರಧಾನಿ ಆಗಿದ್ದ ಕೆವಿನ್ ರಡ್ ಅವಳ ವಂಶದವರು. ಅವಳ ವಂಶಸ್ಥರು ಇವತ್ತು ಹತ್ತಾರು ಸಾವಿರ ಜನ ಇದ್ದಾರೆ ಅಂತ ಲೆಕ್ಕ. ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆ ಡೇಟಾಸೆಟ್ ಬೇಕಾ?

ವಂಶ ಹುಡುಕೋರ ಮೊದಲನೇ ರೂಲ್ ಏನಂದ್ರೆ, ಹಿಂದಿನಿಂದ ಮುಂದಕ್ಕೆ ಬರಬಾರದು, ಗೊತ್ತಿರೋ ಕಡೆಯಿಂದ ಹಿಂದಕ್ಕೆ ಹೋಗಬೇಕು. ಅಂದ್ರೆ ಸಾವಿನಿಂದ ಶುರು ಮಾಡಬೇಕು. ಮೇರಿ ತೀರಿಕೊಂಡಿದ್ದು 1859ರ ಡಿಸೆಂಬರ್ 17ರಂದು, ಸಿಡ್ನಿಯ ದಕ್ಷಿಣಕ್ಕೆ ವುಲಾಂಗಾಂಗ್ ಹತ್ತಿರದ ಫೇರಿ ಮೆಡೋ ಅನ್ನೋ ಊರಲ್ಲಿ. ಈ ವರ್ಷ ಮುಖ್ಯ. ಯಾಕಂದ್ರೆ ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ಕಾರ ಜನನ ಮರಣ ನೋಂದಣಿ ಶುರು ಮಾಡಿದ್ದೇ 1856ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಚರ್ಚಿನ ಪುಸ್ತಕ ಮಾತ್ರ. ಹೊಸ ಮರಣ ಫಾರ್ಮ್‌ನಲ್ಲಿ ಬರೀ ಹೆಸರು, ತಾರೀಕು ಇರಲಿಲ್ಲ. ಅಪ್ಪ ಅಮ್ಮ ಯಾರು, ಎಲ್ಲಿ ಹುಟ್ಟಿದ್ದು, ಈ ವಸಾಹತಿಗೆ ಬಂದು ಎಷ್ಟು ವರ್ಷ, ಮದುವೆ ಯಾರ ಜೊತೆ, ಮಕ್ಕಳು ಎಷ್ಟು ಅಂತೆಲ್ಲ ಕೇಳ್ತಿದ್ರು. ಒಬ್ಬರ ಇಡೀ ಬದುಕು ಅವರ ಸಾವಿನ ಕಾಗದದಲ್ಲಿ ಸಿಗುತ್ತೆ. ಆದ್ರೆ ಒಂದು ತಮಾಷೆ ನೋಡಿ. ಆ ಪ್ರಶ್ನೆಗಳಿಗೆ ಉತ್ತರ ಹೇಳೋರು ಸತ್ತವರಲ್ಲ, ಉಳಿದವರು. ಅಮ್ಮನ ಅಮ್ಮನ ಹೆಸರು ಮಗನಿಗೆ ಗೊತ್ತಿಲ್ಲದಿದ್ರೆ ಫಾರ್ಮ್‌ನಲ್ಲೂ ಇರಲ್ಲ. ನಮ್ಮಪ್ಪ ಫೋನ್‌ನಲ್ಲಿ ಸುಮ್ಮನಾಗಿದ್ದು ನೆನಪಾಯ್ತು.

ಅವಳು ಸತ್ತಾಗ ಬದುಕಿದ್ದ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಸೇರಿ 300ಕ್ಕೂ ಹೆಚ್ಚು ಜನ ಅಂತ ವಂಶಸ್ಥರು ಲೆಕ್ಕ ಹಾಕಿದ್ದಾರೆ. ಹೆತ್ತಿದ್ದು 21 ಮಕ್ಕಳಂತೆ. ಅದರಲ್ಲಿ ಬದುಕಿ, ಬೆಳೆದು, ತಾವೂ ಮಕ್ಕಳನ್ನು ಕಂಡವರು 7 ಜನ. ನನ್ನ ಕೋಡ್‌ನಲ್ಲಿ "ಮಕ್ಕಳು" ಅಂತ ಒಂದೇ ಟೇಬಲ್ ಇತ್ತು. ಉಳಿದ 14 ಸಾಲುಗಳನ್ನು ಸೇರಿಸಬೇಕೋ ಬೇಡವೋ ಅಂತ ಒಂದು ಸಂಜೆಯೆಲ್ಲ ಕೂತಿದ್ದೆ. ಸೇರಿಸಿದೆ.

ಅಲ್ಲಿಂದ ಹಿಂದಕ್ಕೆ ಹೋದ್ರೆ ಅವಳು ವೇಡ್ ಅಲ್ಲ, ಬ್ರೂಕರ್. ಗಂಡ ಜೊನಾಥನ್ ಬ್ರೂಕರ್, ಅವನೂ ಕೈದಿಯಾಗಿ ಬಂದವನೇ. 1828ರ ಹೊತ್ತಿಗೆ ಇಲವಾರಾ ಅನ್ನೋ ಕಡೆ 62 ಎಕರೆ ಜಮೀನು ಮಾಡಿಕೊಂಡಿದ್ರು. ಅದಕ್ಕೂ ಮುಂಚೆ ಕ್ಯಾಂಪ್‌ಬೆಲ್‌ಟೌನ್ ಕಡೆ ಇದ್ರು. 1823ರಲ್ಲಿ ಕಾಡ್ಗಿಚ್ಚಿಗೆ ಮನೆಮಠ ಎಲ್ಲ ಸುಟ್ಟುಹೋಗಿ, ಸಹಾಯ ಮಾಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ರು. ಮದುವೆ ಆಗಿದ್ದು 1817ರಲ್ಲಿ, ಆಗಲೇ ಮನೆ ತುಂಬ ಮಕ್ಕಳು. ಇದೇನಪ್ಪ ಅಂತ ನೋಡಿದ್ರೆ, ಆಗಿನ ಗವರ್ನರ್ ಮದುವೆ ಇಲ್ಲದೆ ಒಟ್ಟಿಗೆ ಇರೋರ ವಿರುದ್ಧ 1810ರಲ್ಲೇ ಒಂದು ಘೋಷಣೆ ಹೊರಡಿಸಿ, ಎಲ್ಲರನ್ನೂ ಮದುವೆಗೆ ದೂಡ್ತಿದ್ದರಂತೆ.

ಆ ಗವರ್ನರ್ ಹೆಸರು ಲ್ಯಾಕ್ಲನ್ ಮ್ಯಾಕ್ವಾರಿ. ಈ ಹೆಸರು ಎಲ್ಲೋ ಕೇಳಿದ್ದೀನಿ ಅಂತ ಹುಡುಕಿದ್ರೆ ನನಗೆ ಕೂದಲು ನಿಂತಿತು. ಈ ಮನುಷ್ಯ ಆಸ್ಟ್ರೇಲಿಯಾಕ್ಕೆ ಹೋಗೋ ಮುಂಚೆ ಇಂಡಿಯಾದಲ್ಲಿ ಸೈನ್ಯದ ಅಧಿಕಾರಿ. 1799ರಲ್ಲಿ ಟಿಪ್ಪು ಸತ್ತ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು. ನಾವು ಪ್ರತಿ ಸ್ಕೂಲ್ ಟ್ರಿಪ್‌ನಲ್ಲಿ ಹತ್ತಿ ಇಳಿದು ಫೋಟೋ ತೆಗೆಸಿಕೊಂಡ ಆ ಕೋಟೆಗೆ ಮುತ್ತಿಗೆ ಹಾಕಿದವರಲ್ಲಿ ಒಬ್ಬ, ಹದಿನೆಂಟು ವರ್ಷ ಆದಮೇಲೆ ಮೇರಿಯ ಮದುವೆಯ ಕಾಲದ ಗವರ್ನರ್. ಒಂದೇ ಸಾಮ್ರಾಜ್ಯದ ಎರಡು ಫೈಲು.

ಮತ್ತೂ ಹಿಂದಕ್ಕೆ. 1812ರಲ್ಲಿ ಅವಳ ಬಿಡುಗಡೆ ಪತ್ರ. ಅದಕ್ಕೂ ಹಿಂದೆ ಸಿಡ್ನಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ನಾರ್ಫೋಕ್ ಅನ್ನೋ ಪುಟ್ಟ ದ್ವೀಪ. ಅಲ್ಲಿ ಟೀಗ್ ಹ್ಯಾರಿಗನ್ ಅನ್ನೋ ಐರಿಶ್ ಕೈದಿಯ ಜೊತೆ ಸಂಸಾರ, ಮೊದಲ ಮಕ್ಕಳು. ಆಮೇಲೆ ಅವನು ತಿಮಿಂಗಿಲ ಬೇಟೆಯ ಹಡಗು ಹತ್ತಿ ಹೋದವನು ಮನೆಗೆ ವಾಪಸ್ ಬರಲಿಲ್ಲ. ಅದಕ್ಕೂ ಹಿಂದೆ ಒಂದು ಹಡಗು, ಲೇಡಿ ಜೂಲಿಯಾನಾ. 1789ರ ಜುಲೈನಲ್ಲಿ ಇಂಗ್ಲೆಂಡ್ ಬಿಟ್ಟು 1790ರ ಜೂನ್ 3ಕ್ಕೆ ಸಿಡ್ನಿ ಮುಟ್ಟಿತು. ಹತ್ತು ತಿಂಗಳಿಗೂ ಹೆಚ್ಚು! ಅದರಲ್ಲಿದ್ದ ಕೈದಿಗಳೆಲ್ಲ ಹೆಂಗಸರು, 220ಕ್ಕೂ ಹೆಚ್ಚು ಜನ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಮೇರಿ.

ಹಡಗಿನ ಹೆಸರು ಒಂದು ಕೈದಿಯನ್ನು ಜೀವನಪೂರ್ತಿ ಬಿಡ್ತಿರಲಿಲ್ಲ. ಬಂದು ಮೂವತ್ತು ನಲವತ್ತು ವರ್ಷ ಆದ್ರೂ, 1828ರ ಜನಗಣತಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ಹಡಗು, ಯಾವ ವರ್ಷ ಅಂತ ಒಂದು ಕಾಲಂ. ಮೊದಲು ಇದು ಅವಮಾನ ಮಾಡೋಕೆ ಅಂದುಕೊಂಡೆ. ಆಮೇಲೆ ಹೊಳೀತು. ಆ ಕಾಲದ ಇಂಗ್ಲೆಂಡಿನಲ್ಲಿ ಮೇರಿ, ಆನ್, ಎಲಿಜಬೆತ್, ಸಾರಾ ಬಿಟ್ಟರೆ ಹೆಂಗಸರಿಗೆ ಬೇರೆ ಹೆಸರೇ ಕಮ್ಮಿ. ಹೆಸರಿನ ಜೊತೆ ಹಡಗು ಸೇರಿಸಿದ್ರೆ ಮಾತ್ರ ಯಾವ ಮೇರಿ ಅಂತ ಗೊತ್ತಾಗೋದು. ನಮ್ಮ ಲ್ಯಾಬ್ ಮೇಡಂ ಮೊದಲನೇ ರಿವ್ಯೂನಲ್ಲೇ "ಹೆಸರನ್ನ ಪ್ರೈಮರಿ ಕೀ ಮಾಡಿದ್ದೀರಲ್ಲ, ನಾಚಿಕೆ ಆಗಲ್ವಾ?" ಅಂತ ಬೈದಿದ್ರು. ಇನ್ನೂರು ವರ್ಷದ ಹಿಂದೆ ಗರಿ ಪೆನ್ನಲ್ಲಿ ಬರೀತಿದ್ದ ಗುಮಾಸ್ತನಿಗೆ ಕಾಂಪೋಸಿಟ್ ಕೀ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಕಾಗುಣಿತದ ಕಷ್ಟ ಬೇರೆ. ಓದು ಬರಹ ಬಾರದವರು ಬಾಯಲ್ಲಿ ಹೇಳೋದು, ಗುಮಾಸ್ತ ಕೇಳಿಸಿದ ಹಾಗೆ ಬರೆಯೋದು. ಇದಕ್ಕೆ ವಂಶ ಹುಡುಕೋರು ಸೌಂಡೆಕ್ಸ್ ಅನ್ನೋ ಹಳೇ ಅಲ್ಗಾರಿದಮ್ ಬಳಸ್ತಾರೆ. ಕಂಪ್ಯೂಟರ್ ಬರೋ ಎಷ್ಟೋ ಮುಂಚೆ, 1918ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆಗಿದ್ದು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ಥರ ಕೇಳಿಸೋ ವ್ಯಂಜನಗಳಿಗೆ ಒಂದೇ ಅಂಕಿ ಕೊಡೋದು. ಪಕ್ಕಪಕ್ಕ ಅದೇ ಅಂಕಿ ಬಂದ್ರೆ ಒಂದೇ ಸಲ. ವೇಡ್ ಅನ್ನೋದನ್ನ ಯಾರು ಹೇಗೆ ಬರೆದ್ರೂ ಡಬ್ಲ್ಯೂ-300 ಬರುತ್ತೆ. ನಮ್ಮ ಲಕ್ಷ್ಮಿಗೂ ಟ್ರೈ ಮಾಡಿದೆ. ಒಬ್ಬರು ಕೆ, ಎಸ್, ಎಚ್ ಹಾಕಿ ಬರೀತಾರೆ, ಇನ್ನೊಬ್ಬರು ಎಕ್ಸ್ ಹಾಕ್ತಾರೆ. ಎರಡಕ್ಕೂ ಎಲ್-250! ಹಾಸ್ಟೆಲ್ ರೂಮಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ಆದ್ರೆ ಮೊದಲ ಅಕ್ಷರವೇ ತಪ್ಪಿದ್ರೆ ಸೌಂಡೆಕ್ಸ್ ಕೈ ಎತ್ತಿಬಿಡುತ್ತೆ. ವೆಂಕಟೇಶನನ್ನ ವಿ ಬದಲು ಡಬ್ಲ್ಯೂನಲ್ಲಿ ಬರೆದ್ರೆ ಮುಗೀತು. ಇನ್ನು ಹೆಸರೇ ಪೂರ್ತಿ ಬದಲಾಗಿದ್ರೆ, ಮೇರಿ ವೇಡ್ ಹೋಗಿ ಮೇರಿ ಬ್ರೂಕರ್ ಆಗಿದ್ರೆ, ಯಾವ ಅಲ್ಗಾರಿದಮ್ಮೂ ಇಲ್ಲ. ಹೆಂಗಸರನ್ನು ಹುಡುಕೋದು ಯಾಕೆ ಕಷ್ಟ ಅಂತ ಆಗ ಅರ್ಥ ಆಯ್ತು.

ಹಡಗಿಗಿಂತ ಹಿಂದಿನದು ಕೋರ್ಟು. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ 1674ರಿಂದ 1913ರವರೆಗೆ ನಡೆದ 1,97,000ಕ್ಕೂ ಹೆಚ್ಚು ವಿಚಾರಣೆಗಳ ಅಚ್ಚಾದ ವರದಿ ಈಗ ನೆಟ್‌ನಲ್ಲಿ ಫ್ರೀ. ಯಾರು ಬೇಕಾದ್ರೂ ಹೆಸರು ಹಾಕಿ ಹುಡುಕಬಹುದು. 1789ರ ಜನವರಿ 14, ಮೇರಿ ವೇಡ್ ಮತ್ತು ಜೇನ್ ವೈಟಿಂಗ್. ಜೇನ್‌ಗೆ 14 ವರ್ಷ. ಮೇರಿಗೆ ಕೆಲವು ಬರಹಗಳಲ್ಲಿ 11, ಕೆಲವುದರಲ್ಲಿ 13. ಬಡವರ ಮಗು, ಲಂಡನ್ನಿನ ಬೀದಿ ಗುಡಿಸಿಕೊಂಡು, ಭಿಕ್ಷೆ ಬೇಡಿಕೊಂಡು ಇದ್ದವಳು. ಇಬ್ಬರೂ ಸೇರಿ ಮೇರಿ ಫಿಲಿಪ್ಸ್ ಅನ್ನೋ 8 ವರ್ಷದ ಹುಡುಗಿಯನ್ನು ಶೌಚದ ಕಡೆ ಕರೆದುಕೊಂಡು ಹೋಗಿ, ಅವಳ ಮೈಮೇಲಿನ ಬಟ್ಟೆ ಬಿಚ್ಚಿಸಿಕೊಂಡ್ರು. ಒಂದು ಹತ್ತಿ ಫ್ರಾಕು, ಭುಜದ ಮೇಲೆ ಹಾಕೋ ಒಂದು ತುಂಡು ಬಟ್ಟೆ, ಒಂದು ಟೋಪಿ. ಫ್ರಾಕನ್ನ ಗಿರವಿ ಅಂಗಡಿಗೆ ಕೊಟ್ರು. ಶಿಕ್ಷೆ: ಗಲ್ಲು.

ಇಲ್ಲಿವರೆಗೆ ನಾನು ಮೇರಿಯ ಪಕ್ಷ. ಎಂಥ ಅನ್ಯಾಯ ಅಂತ ರೂಮ್‌ಮೇಟ್‌ಗೆ ಹೇಳ್ತಾ ಇದ್ದೆ. ಆಮೇಲೆ ಸಾಕ್ಷಿಯ ಒಂದು ಮಾತು ಓದಿದೆ. ಆ ಚಿಕ್ಕ ಹುಡುಗಿಯನ್ನ ಶೌಚದ ಗುಂಡಿಗೇ ನೂಕಿಬಿಡಬೇಕು ಅಂತಿದ್ದೆ, ನೂಕಿದ್ದಿದ್ರೆ ಚೆನ್ನಾಗಿತ್ತು ಅಂತ ಮೇರಿ ಹೇಳಿದ್ಲಂತೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಸಿಟ್ಟಲ್ಲಿ ಹೇಳಿದ್ಲಾ, ಹೆದರಿ ಹೇಳಿದ್ಲಾ, ನಿಜಕ್ಕೂ ಹೇಳಿದ್ಲಾ? ನಾವೂ ಹನ್ನೆರಡು ವರ್ಷದಲ್ಲಿ ಏನೇನೋ ಅಂದಿರ್ತೀವಿ. ಆದ್ರೆ ನಮ್ಮದನ್ನ ಯಾರೂ ಬರೆದಿಟ್ಟಿಲ್ಲ. ಅವಳ ಬಾಯಿಂದ ಬಂದಿದ್ದು ಅಂತ ಜಗತ್ತಿಗೆ ಉಳಿದಿರೋ ಮಾತುಗಳಲ್ಲಿ ಇದೂ ಒಂದು. 300 ಮಕ್ಕಳು ಮೊಮ್ಮಕ್ಕಳ ಅಜ್ಜಿ ಆಗಿ ಅವಳು ಎಷ್ಟೋ ರಾತ್ರಿ ಎಷ್ಟೋ ಕಥೆ ಹೇಳಿರಬಹುದು. ಅದನ್ನ ಬರೆಯೋಕೆ ಅಲ್ಲಿ ಗುಮಾಸ್ತ ಇರಲಿಲ್ಲ.

ಗಲ್ಲು ತಪ್ಪಿದ್ದು ಕರುಣೆಯಿಂದ ಅಂತಲೂ ಹೇಳೋಕಾಗಲ್ಲ. ಆ ವರ್ಷ ಮಾರ್ಚ್‌ನಲ್ಲಿ ರಾಜ ಮೂರನೇ ಜಾರ್ಜ್‌ನ ಹುಚ್ಚು ವಾಸಿಯಾಯ್ತು ಅಂತ ಘೋಷಣೆ ಆಯ್ತು. ಆ ಸಂತೋಷಕ್ಕೆ ಗಲ್ಲಿಗೆ ಕಾಯ್ತಿದ್ದ ಹೆಂಗಸರಿಗೆ ಗಡೀಪಾರಿನ ಅವಕಾಶ. ಕೆಲವರು ಮೊದಲು ಅದನ್ನೂ ಬೇಡ ಅಂದ್ರು. ಗೊತ್ತಿಲ್ಲದ ದೇಶಕ್ಕಿಂತ ಗೊತ್ತಿರೋ ನೇಣೇ ವಾಸಿ ಅನ್ನಿಸಿರಬೇಕು. 1788ರಿಂದ 1868ರವರೆಗೆ ಹೀಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳು 1,60,000ಕ್ಕೂ ಹೆಚ್ಚು.

ಇವತ್ತು ಅಲ್ಲಿಯ ಜನ ನಮ್ಮ ಮುತ್ತಜ್ಜ ಕೈದಿ ಅಂತ ಹೆಮ್ಮೆಯಿಂದ ಹೇಳಿಕೊಳ್ತಾರೆ. ಆದ್ರೆ ತುಂಬ ವರ್ಷ ಅದು ಕಳಂಕ. ಮನೆಮನೆಯಲ್ಲೂ ಮುಚ್ಚಿಡ್ತಿದ್ರು. ಕೈದಿಗಳ ದಾಖಲೆಗಳು 2007ರಲ್ಲಿ ಯುನೆಸ್ಕೋದ "ಜಗತ್ತಿನ ನೆನಪು" ಪಟ್ಟಿಗೆ ಸೇರಿದವು. ಇನ್ನೊಂದು ಕಡೆ, ಮಾನವಾಗಿ ಬದುಕಿದವರ ಎಷ್ಟೋ ಪುಸ್ತಕ ಉಳಿದೇ ಇಲ್ಲ. 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಕಟ್ಟಡಕ್ಕೆ ಬೆಂಕಿ ಬಿದ್ದು 1881ರ ಜನಗಣತಿಯ ಕಾಗದ ಸುಟ್ಟುಹೋಯ್ತು. ಆಮೇಲೆ ಇಪ್ಪತ್ತನೇ ಶತಮಾನದಲ್ಲಿ ಜನಗಣತಿ ಫಾರ್ಮ್‌ಗಳನ್ನ ಎಣಿಸಿ ಆದ್ಮೇಲೆ ಸರ್ಕಾರವೇ ನಾಶ ಮಾಡ್ತಿತ್ತು. ಕದ್ದವರ ಹೆಸರು ಭದ್ರವಾಗಿದೆ, ಸುಮ್ಮನೆ ಉತ್ತು ಬಿತ್ತಿದವರ ಹೆಸರು ಹೋಯ್ತು.

ಇನ್ನೂ ಒಂದು ಖಾಲಿ ಇದೆ. ಬ್ರೂಕರ್ ಕುಟುಂಬದ 62 ಎಕರೆ ಅಂತ ನಾನು ಟೈಪ್ ಮಾಡಿದೆನಲ್ಲ, ಇಲವಾರಾ ಖಾಲಿ ಜಾಗ ಏನಲ್ಲ. ಅದು ಧರವಾಲ್ ಜನರ ನೆಲ. ಹಡಗಿನಿಂದ ಇಳಿದ ಕೈದಿ ಹುಡುಗಿಯ ಹೆಸರು ಬರೆದ ಸರ್ಕಾರ, ಆ ನೆಲದಲ್ಲಿ ಮೊದಲೇ ಇದ್ದವರ ಹೆಸರನ್ನ ಹಾಗೆ ಬರೆಯಲಿಲ್ಲ. 1828ರ ಆ ಜನಗಣತಿಯಲ್ಲಿ ಅವರನ್ನ ಎಣಿಸಲೇ ಇಲ್ಲ. ಒಂದು ಡೇಟಾಬೇಸ್ ಯಾರಿಗೋಸ್ಕರ ಮಾಡಿದ್ದು ಅನ್ನೋದು ಅದರ ಕಾಲಂಗಳಲ್ಲಿ ಗೊತ್ತಾಗುತ್ತೆ.

ಇಷ್ಟೆಲ್ಲ ಮಾಡಿ ಪ್ರಾಜೆಕ್ಟ್ ಮುಕ್ಕಾಲು ಮುಗಿದಾಗ, ಯುಗಾದಿ ರಜಕ್ಕೆ ಊರಿಗೆ ಹೋದೆ. ಚನ್ನರಾಯಪಟ್ಟಣದ ಹತ್ತಿರ ನಮ್ಮೂರು. ಅಜ್ಜಿಯ ಪಿಂಚಣಿ ಐದು ತಿಂಗಳಿಂದ ನಿಂತಿತ್ತು. ಕಾರಣ ಕೇಳಿದ್ರೆ ನಗು ಬರುತ್ತೆ. ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಅಮ್ಮ" ಇದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಲ್ಲ. ಹುಟ್ಟಿದ ತಾರೀಕು, ಆ ಊರಿನ ಎಲ್ಲ ಅಜ್ಜಿಯರ ಥರ, ಜನವರಿ 1. ಅಪ್ಪ ಅಫಿಡವಿಟ್ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಓಡ್ತಿದ್ರು. ಯಾವುದೋ ಸರ್ವರ್‌ನಲ್ಲಿ ಯಾರೋ ನನ್ನ ಥರದವರೇ ಹೆಸರಿಗೆ ಹೆಸರು ಸರಿಸಮ ಇದ್ರೆ ಮಾತ್ರ ಪಾಸ್ ಅಂತ ಒಂದು ಸಾಲು ಕೋಡ್ ಬರೆದಿರ್ತಾರೆ. ಅದು ಇಲ್ಲಿ ಬಂದು ಅಜ್ಜಿಯ ಎಲೆ ಅಡಿಕೆ ದುಡ್ಡಿಗೆ ಕುತ್ತು ತಂದಿದೆ.

ಸಂಜೆ ಜಗಲಿ ಮೇಲೆ ಅಜ್ಜಿ ಅವರೆಕಾಳು ಸುಲೀತಾ ಕೂತಿದ್ದಾಗ ಪಕ್ಕದಲ್ಲಿ ಕೂತು, ಕಿವಿ ಹತ್ತಿರ ಬಾಯಿಟ್ಟು ಕೇಳಿದೆ.

"ಅಜ್ಜಿ, ನಿನಗೆ ಈ ಹೆಸರು ಇಟ್ಟಿದ್ದು ಯಾರು?"

"ಅತ್ತೆಮನೇವ್ರು ಕಣೇ. ಮದ್ವೆ ದಿನ."

"ಮತ್ತೆ ಅದಕ್ಕೆ ಮುಂಚೆ?"

ಅಜ್ಜಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. "ನಂಗೂ ನಮ್ಮತ್ತೆಗೂ ಒಂದೇ ಹೆಸ್ರು. ಮನೇಲಿ ಸೊಸೇನ ಅತ್ತೆ ಹೆಸ್ರು ಹಿಡಿದು ಹೋಗೇ ಬಾರೇ ಅಂತ ಕೂಗಕ್ಕಾಗ್ತದಾ? ಅದಕ್ಕೆ ಬದ್ಲಾಯ್ಸುದ್ರು."

ನನಗೆ ತಕ್ಷಣ ಹೊಳೀಲಿಲ್ಲ. ಒಂದೆರಡು ನಿಮಿಷ ಆದ್ಮೇಲೆ ತಲೆಗೆ ಹೋಯ್ತು. ಅಜ್ಜಿಯ ಅತ್ತೆ ಅಂದ್ರೆ ತಾತನ ಅಮ್ಮ. ಅಂದ್ರೆ "ಅವ್ವ". ಅಪ್ಪ, ದೊಡ್ಡಪ್ಪ, ಅತ್ತೆ ಯಾರಿಗೂ ಗೊತ್ತಿಲ್ಲದ ಆ ಹೆಸರು ಇಷ್ಟು ವರ್ಷ ಅಜ್ಜಿಯ ಬಾಯಲ್ಲಿ ಕೂತಿತ್ತು. ಅತ್ತೆ ಹೆಸರು ಸೊಸೆ ಹೇಳಬಾರದು ಅಂತ ಅವಳು ಹೇಳಿರಲಿಲ್ಲ, ಸೊಸೆಗೆ ಏನು ಗೊತ್ತಿರುತ್ತೆ ಅಂತ ನಾವು ಕೇಳಿರಲಿಲ್ಲ.

"ಆ ಹೆಸರು ಏನಜ್ಜಿ?"

ಅವಳು ಈ ಸಲ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ಆಮೇಲೆ ಅವರೆಕಾಳಿನ ಮೊರ ಪಕ್ಕಕ್ಕಿಟ್ಟು, "ಅಪ್ಪನ ಮನೆ ಬಿಟ್ಮೇಲೆ ಯಾರೂ ಹಂಗೆ ಕರೆದಿಲ್ಲ" ಅಂದಳು. ಅಳಲಿಲ್ಲ. ಸುಮ್ಮನೆ ಇನ್ನೊಂದು ಸಲ ತನಗೆ ತಾನೇ ಆ ಹೆಸರು ಹೇಳಿಕೊಂಡಳು, ಸರಿಯಾಗಿ ಕೇಳಿಸುತ್ತಾ ಅಂತ ನೋಡೋ ಥರ.

ಒಂದೇ ಹೆಸರಿನಿಂದ ನನ್ನ ಟೇಬಲ್‌ನ ಎರಡು ನಲ್ ತುಂಬಿದವು. ಕಾಲೇಜ್ ಮ್ಯಾಗಜೀನ್‌ಗೆ ಇದನ್ನ ಬರೀಲಾ ಅಂತ ಕೇಳಿದೆ. "ಕಥೆ ಬೇಕಾದ್ರೆ ಬರ್ಕೊ. ಹೆಸ್ರು ಹಾಕ್ಬೇಡ. ಅತ್ತೆ ಹೆಸ್ರನ್ನ ನಾನು ಊರಿಗೆಲ್ಲ ಹೇಳ್ದಂಗಾಗ್ತದೆ" ಅಂದಳು. ಹಾಗಾಗಿ ಹಾಕ್ತಿಲ್ಲ.

ಹಾಸ್ಟೆಲ್‌ಗೆ ವಾಪಸ್ ಬಂದು ಡೇಟಾಬೇಸ್‌ಗೆ ಒಂದು ಕಾಲಂ ಸೇರಿಸಿದೆ. "ಬೇರೆಯವರಿಗೆ ತೋರಿಸಬಹುದೇ?" ಹೌದು ಅಥವಾ ಇಲ್ಲ. ವೈವಾದಲ್ಲಿ ಮೇಡಂ ಅದನ್ನ ನೋಡಿ, "ಇದು ಯಾಕೆ? ಯಾವ ಪುಸ್ತಕದಲ್ಲೂ ಇಲ್ವಲ್ಲ?" ಅಂದ್ರು. ಅಜ್ಜಿ ಕಥೆ ಹೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನಿಗೂ ಹೆಸರು ಬದಲಾಯಿಸಿದ್ರು" ಅಂದ್ರು. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ರೆ ಮುಂದಿನ ರಜದಲ್ಲಿ ಒಂದು ಸಲ ಕೇಳಿ. ಅವರ ಮಾತು ಯಾವ ಕೋರ್ಟಿನ ಪುಸ್ತಕದಲ್ಲೂ ಇಲ್ಲ. ಕೇಳಿದ ಮೇಲೆ, ಬರೀಬಹುದಾ ಅಂತಲೂ ಕೇಳಿ.

ನಮ್ಮಜ್ಜಿಯ ಸಾಲಿನಲ್ಲಿ ಆ ಕಾಲಂಗೆ "ಇಲ್ಲ" ಅಂತ ಹಾಕಿದ್ದೀನಿ. ಅವ್ವನ ಸಾಲಿನಲ್ಲೂ ಅಜ್ಜಿಯ ಪರವಾಗಿ "ಇಲ್ಲ". ಮೇರಿ ವೇಡ್‌ಳ ಸಾಲಿಗೆ ಏನು ಹಾಕಬೇಕೋ ತಿಳೀಲಿಲ್ಲ. ಅವಳನ್ನ ಯಾರೂ ಕೇಳಿರಲಿಲ್ಲ. ಅದನ್ನ ಖಾಲಿ ಬಿಟ್ಟೇ ಸಬ್‌ಮಿಟ್ ಮಾಡಿದೆ.